ತೊಟ್ಟಿಲೂ ಸೂಕ್ಷ್ಮದರ್ಶಕವೂ

ಮಗಳು ವೈದ್ಯವಿಜ್ಞಾನದಲ್ಲಿ ಸಂಶೋಧನೆ ಕೈಗೊಂಡಾಗ ಮನೆಯ ಹಿರಿಯರು ಹೆಮ್ಮೆಪಡುತ್ತಾರೆ. ಅವಳೇ ತಾಯಿಯಾದಾಗ, ಇನ್ನು ಇದೆಲ್ಲ ಏತಕ್ಕೆ ಎಂದು ಅವರೇ ಕೇಳುತ್ತಾರೆ. ಮಾತೃಧರ್ಮವೂ ವಿದ್ಯಾಧರ್ಮವೂ ಒಂದಕ್ಕೊಂದು ಎದುರಾದುವೆಂದು ಭಾವಿಸಿ, ಯಾವುದನ್ನು ಬಿಡಬೇಕೆಂಬ ನಿರ್ಣಯದ ಭಾರವನ್ನು ಅವಳೊಬ್ಬಳ ಮೇಲೆಯೇ ಹೊರಿಸುವುದು ಲೋಕರೂಢಿ. ಅಮೆರಿಕದ ಕ್ಯಾನ್ಸರ್ ಸಂಶೋಧಕಿ ಜಾನೆಟ್ ರೌಲಿ ಅವರ ಬಾಳನ್ನು ಅವಲೋಕಿಸಿದರೆ, ಈ ರೂಢಿ ಎಷ್ಟರಮಟ್ಟಿಗೆ ನ್ಯಾಯವೆಂಬ ವಿಚಾರ ಸ್ಪಷ್ಟವಾಗುತ್ತದೆ.

ಜಾನೆಟ್ ಜನಿಸಿದ್ದು 1925ರಲ್ಲಿ, ನ್ಯೂಯಾರ್ಕ್ ನಗರದಲ್ಲಿ. ಹದಿನೈದನೆಯ ವಯಸ್ಸಿಗೇ ವಿದ್ಯಾರ್ಥಿವೇತನ ಪಡೆದು ಷಿಕಾಗೋ ವಿಶ್ವವಿದ್ಯಾನಿಲಯವನ್ನು ಸೇರಿದರು. ಆ ಕಾಲಕ್ಕೆ ಅಲ್ಲಿನ ವೈದ್ಯಕೀಯ ತರಗತಿಯ 65 ಸ್ಥಾನಗಳಲ್ಲಿ ಸ್ತ್ರೀಯರಿಗೆ ಮೀಸಲಾದುವು 3 ಮಾತ್ರ. ಅವು ಆಗಲೇ ಭರ್ತಿಯಾಗಿದ್ದುದರಿಂದ ಅವರು ಒಂಬತ್ತು ತಿಂಗಳು ಕಾಯಬೇಕಾಯಿತು. 1948ರಲ್ಲಿ ವೈದ್ಯ ಪದವಿ ದೊರೆತ ಮರುದಿನವೇ ವೈದ್ಯ ಡೊನಾಲ್ಡ್ ರೌಲಿ ಅವರೊಡನೆ ವಿವಾಹವಾಯಿತು. ಮುಂದೆ ನಾಲ್ವರು ಗಂಡುಮಕ್ಕಳಾದರು. ಮಕ್ಕಳ ಪಾಲನೆಗಾಗಿ ಅವರು ಹಲವು ವರ್ಷಗಳ ಕಾಲ ವಾರದಲ್ಲಿ ಕೆಲವೇ ದಿನ ಕೆಲಸ ಮಾಡಿದರು. ಆದರೆ ಕೆಲಸವನ್ನು ಪೂರ್ಣವಾಗಿ ಬಿಡಲಿಲ್ಲ. ಡೌನ್ ಸಿಂಡ್ರೋಮ್ ಇರುವ ಮಕ್ಕಳ ಚಿಕಿತ್ಸಾಲಯದಲ್ಲಿದ್ದಾಗ, ಆ ಸ್ಥಿತಿಗೆ ಒಂದು ಹೆಚ್ಚಿನ ವರ್ಣತಂತು ಕಾರಣವೆಂಬ 1959ರ ಶೋಧವು ಅವರ ಗಮನವನ್ನು ವರ್ಣತಂತುಗಳತ್ತ ಸೆಳೆಯಿತು.

1961ರಲ್ಲಿ ಪತಿಯೊಡನೆ ಇಂಗ್ಲೆಂಡಿನ ಆಕ್ಸ್‌ಫರ್ಡಿಗೆ ಹೋದಾಗ ಈ ವಿದ್ಯೆಯನ್ನು ಕಲಿತರು. ಮರುವರ್ಷ ಷಿಕಾಗೋಗೆ ಹಿಂದಿರುಗಿ, ವಿಶ್ವವಿದ್ಯಾನಿಲಯದ ಹಿರಿಯ ವೈದ್ಯ ಲಿಯಾನ್ ಜೇಕಬ್ಸನ್ ಅವರನ್ನು ಕಂಡು, ಆರಂಭಿಸಿದ ಸಂಶೋಧನೆಯನ್ನು ಅರೆಕಾಲಿಕವಾಗಿ ಮುಂದುವರಿಸಲು ಅವಕಾಶ ಕೋರಿದರು. ಅವರು ಬೇಡಿದ್ದು ಒಂದು ಸೂಕ್ಷ್ಮದರ್ಶಕ, ಛಾಯಾಚಿತ್ರ ತೊಳೆಯಲು ಒಂದು ಕತ್ತಲೆಯ ಕೋಣೆ ಮತ್ತು ಮಕ್ಕಳನ್ನು ನೋಡಿಕೊಳ್ಳುವವರಿಗೆ ಕೊಡಲು ಸಾಕಾಗುವಷ್ಟು ವೇತನ. ಜೇಕಬ್ಸನ್ ಒಪ್ಪಿದರು. ಬೇಡಿಕೆಯ ಈ ಮೂರನೆಯ ಅಂಶವೇ ವಿಶೇಷವಾದುದು. ಮಕ್ಕಳ ಪೋಷಣೆಗೆ ಆಗುವ ವೆಚ್ಚವೂ ಸೂಕ್ಷ್ಮದರ್ಶಕದಂತೆಯೇ ಸಂಶೋಧನೆಗೆ ಬೇಕಾದ ಸಾಧನವೆಂದು ಆ ತಾಯಿ ಸಂಕೋಚವಿಲ್ಲದೆ ಹೇಳಿದರು.

ಫಲ ಬೇಗ ಬರಲಿಲ್ಲ. ಒಂದು ಬಗೆಯ ರಕ್ತದ ಕ್ಯಾನ್ಸರಿನಲ್ಲಿ ಅಸಾಮಾನ್ಯವಾಗಿ ಕಿರಿದಾದ ವರ್ಣತಂತುವೊಂದಿದೆಯೆಂದು 1960ರಲ್ಲಿಯೇ ಫಿಲಡೆಲ್ಫಿಯಾ ನಗರದ ಪೀಟರ್ ನೋವೆಲ್ ಮತ್ತು ಡೇವಿಡ್ ಹಂಗರ್‌ಫರ್ಡ್ ಕಂಡುಹಿಡಿದಿದ್ದರು. ಅದರ ತುಂಡೊಂದು ನಷ್ಟವಾಗಿದೆಯೆಂದೇ ಎಲ್ಲರೂ ತಿಳಿದಿದ್ದರು. ವರ್ಣತಂತುಗಳ ಮೇಲೆ ಪಟ್ಟೆಗಳು ಕಾಣುವಂತೆ ಮಾಡುವ ಹೊಸ ವಿಧಾನವನ್ನು ಬಳಸಿ ರೌಲಿ ಅವುಗಳ ಛಾಯಾಚಿತ್ರಗಳನ್ನು ಕತ್ತರಿಸಿ, ಮನೆಯ ಊಟದ ಮೇಜಿನ ಮೇಲೆ ಜೋಡಿಸಿ ನೋಡುತ್ತಿದ್ದರು. ಅಮ್ಮ ಕಾಗದದ ಗೊಂಬೆಗಳೊಡನೆ ಆಡುತ್ತಾಳೆಂದು ಮಕ್ಕಳು ಹಾಸ್ಯ ಮಾಡುತ್ತಿದ್ದರಂತೆ. 22ನೆಯ ವರ್ಣತಂತುವಿನ ತುಂಡು ಕಳೆದುಹೋಗಿಲ್ಲ, ಅದು 9ನೆಯ ವರ್ಣತಂತುವಿಗೆ ಅಂಟಿಕೊಂಡಿದೆ ಎಂಬುದನ್ನು ಅವರು ಕಂಡರು. ಇದು 1973ರಲ್ಲಿ ಪ್ರಕಟವಾಯಿತು. ವರ್ಣತಂತುಗಳ ಇಂಥ ಸ್ಥಾನಪಲ್ಲಟವು ಕ್ಯಾನ್ಸರಿಗೆ ಕಾರಣವಾಗಬಲ್ಲದೆಂಬ ಅರಿವು ಕ್ರಮೇಣ ನೆಲೆಗೊಂಡಿತು. ಆ ಪಲ್ಲಟದಿಂದ ಹುಟ್ಟುವ ದೋಷಯುಕ್ತ ಪ್ರೋಟೀನನ್ನು ತಡೆಯುವ ಇಮಾಟಿನಿಬ್ ಎಂಬ ಔಷಧಕ್ಕೆ 2001ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಹಿಂದೆ ಕೆಲವೇ ವರ್ಷಗಳಲ್ಲಿ ಪ್ರಾಣ ತೆಗೆಯುತ್ತಿದ್ದ ಆ ರೋಗದೊಂದಿಗೆ ಇಂದು ಅನೇಕರು ದೀರ್ಘಕಾಲ ಬಾಳುತ್ತಿದ್ದಾರೆ. ಸ್ವತಃ ರೌಲಿಯವರು ಎಂಬತ್ತು ದಾಟಿದ ಮೇಲೂ ಪ್ರಯೋಗಶಾಲೆಯನ್ನು ಬಿಡದೆ, 2013ರಲ್ಲಿ ಕಾಲವಶರಾದರು.

ಈ ಚರಿತ್ರೆಯನ್ನು ತಪ್ಪಾಗಿ ಓದುವ ಅಪಾಯವೂ ಉಂಟು. ಮನೆಯಲ್ಲಿ ಕುಳಿತೇ ಇಷ್ಟು ಸಾಧಿಸಬಹುದಾದರೆ ಹೆಂಗಸರು ಅರೆಕಾಲಿಕ ಕೆಲಸದಲ್ಲಿ ತೃಪ್ತರಾಗಲಿ ಎಂದು ಇದರಿಂದ ತೀರ್ಮಾನಿಸಲಾಗದು. ಆ ವರ್ಷಗಳು ವ್ಯರ್ಥವಾಗದಿದ್ದುದಕ್ಕೆ ಕಾರಣಗಳಿವೆ. ಪತಿ ಅದೇ ವಿದ್ಯೆಯ ಮಹತ್ತ್ವವನ್ನು ಬಲ್ಲವರಾಗಿದ್ದರು. ಹಿರಿಯ ಅಧಿಕಾರಿ ಫಲಕ್ಕಾಗಿ ಅವಸರಪಡದೆ ನಂಬಿದರು. ಮಕ್ಕಳನ್ನು ನೋಡಿಕೊಳ್ಳಲು ನೆರವಿತ್ತು. ಇವುಗಳಲ್ಲಿ ಒಂದು ಇಲ್ಲದಿದ್ದರೂ ಆಕೆಯ ಪ್ರತಿಭೆ ಕಮರಿಹೋಗಬಹುದಾಗಿತ್ತು. ಹಾಗೆ ಕಮರಿದವರ ಹೆಸರುಗಳು ಯಾವ ಗ್ರಂಥದಲ್ಲಿಯೂ ದೊರೆಯುವುದಿಲ್ಲ.

ನಮ್ಮ ದೇಶದಲ್ಲಿಯೂ ಇದನ್ನು ಅರಿತವರಿದ್ದರು. ಮುಂಬಯಿಯಲ್ಲಿ ಕ್ಯಾನ್ಸರ್ ಸಂಶೋಧನೆಗೆ ಬಾಳನ್ನು ಮುಡಿಪಿಟ್ಟು, 1982ರಲ್ಲಿ ಪದ್ಮಭೂಷಣ ಪಡೆದ ಕಮಲ್ ರಣದಿವೆ ಅವರೂ ಮಗನೊಬ್ಬನನ್ನು ಬೆಳೆಸಿದ ತಾಯಿ. ರೌಲಿಯವರ ಶೋಧ ಪ್ರಕಟವಾದ 1973ರಲ್ಲಿಯೇ ಸ್ಥಾಪಿತವಾದ ಭಾರತೀಯ ಮಹಿಳಾ ವಿಜ್ಞಾನಿಗಳ ಸಂಘದ ಸ್ಥಾಪಕರಲ್ಲಿ ಅವರೂ ಒಬ್ಬರು. ಆ ಸಂಘವು ನವಿ ಮುಂಬಯಿಯ ವಾಶಿಯಲ್ಲಿ ಉದ್ಯೋಗಸ್ಥ ಮಹಿಳೆಯರ ವಸತಿಗೃಹವನ್ನೂ ಶಿಶುವಿಹಾರವನ್ನೂ ನಡೆಸಿತು. ವಿಜ್ಞಾನಿಗಳ ಸಂಘವೊಂದು ಶಿಶುಪಾಲನೆಯನ್ನೂ ತನ್ನ ಕಾರ್ಯವೆಂದು ಭಾವಿಸಿದುದು ಅರ್ಥಪೂರ್ಣವಾಗಿದೆ.

ಶಿಶುವಿನ ಲಾಲನೆ, ರೋಗಿಯ ಪ್ರಾಣರಕ್ಷಣೆ ಎರಡೂ ಜೀವದಯೆಯ ಕಾರ್ಯಗಳೇ. ಇವೆರಡರ ನಡುವೆ ತಾಯಿಯೊಬ್ಬಳು ನಲುಗಿದರೆ ಅದು ಅವಳ ದೌರ್ಬಲ್ಯವಲ್ಲ, ಸುತ್ತಲಿನವರು ತಮ್ಮ ಪಾಲಿನ ಕರ್ತವ್ಯವನ್ನು ನೆರವೇರಿಸಲಿಲ್ಲವೆಂದು ಅರ್ಥ. ಮಗಳ ವಿದ್ಯೆಗಾಗಿ ಧನವನ್ನು ವ್ಯಯಿಸುವ ಕುಟುಂಬಗಳೂ, ವಿದ್ಯಾರ್ಥಿವೇತನಗಳನ್ನು ನೀಡುವ ಸಂಸ್ಥೆಗಳೂ ಅವಳು ತಾಯಿಯಾದ ಮೇಲಿನ ಹತ್ತು ವರ್ಷಗಳನ್ನು ಕುರಿತು ಯೋಚಿಸುವುದು ಉಚಿತ. ನೆರವು ಹೆಚ್ಚು ಅವಶ್ಯವಾಗುವುದು ಆಗಲೇ.