ಸುಳ್ಳು ಊರಿನಲ್ಲಿ ಕಂಡ ಅಡಕತ್ತರಿ

ಅಮೆರಿಕೆಗೆ ಹೋಗಿಬಂದವರು ನಮ್ಮ ಸಂಘದ ಪತ್ರಿಕೆಗೆ ಒಂದು ಲೇಖನ ಕೊಡಲೇಬೇಕೆಂಬ ಅಲಿಖಿತ ಕಾಯಿದೆಯೊಂದಿದೆ. ನಯಾಗರದ ಬಗ್ಗೆ ಹಲವರು ಬರೆದಾಗಿದೆ. ನಾನು ಅದನ್ನು ನೋಡಲೂ ಇಲ್ಲ. ಮಗನ ಮನೆಯಿರುವುದು ಪಶ್ಚಿಮದ ತುದಿಯಲ್ಲಿ, ಸಿಯಾಟಲ್ ಬಳಿ. 2023ರ ಜುಲೈ ತಿಂಗಳ ಒಂದು ಶನಿವಾರ ಅವನು ನಮ್ಮನ್ನು ಲೆವನ್‌ವರ್ತ್ ಎಂಬ ಊರಿಗೆ ಕರೆದೊಯ್ದ. ಆ ಒಂದು ದಿನದ ಮಾತಷ್ಟೇ ಇಲ್ಲಿದೆ.

ನನ್ನಾಕೆ ಚಪಾತಿ, ಚಟ್ನಿಪುಡಿ, ಮೊಸರನ್ನ ಕಟ್ಟಿಕೊಂಡಳು. ಡೊಂಬಿವಲಿಯಿಂದ ಕರ್ಜತಿಗೆ ಹೊರಟರೂ ಅವಳ ಬುತ್ತಿ ಇಷ್ಟೇ. ಸುಮಾರು 190 ಕಿಲೋಮೀಟರ್ ದಾರಿ; ನಡುವೆ ಸ್ಟೀವನ್ಸ್ ಪಾಸ್ ಎಂಬ ಘಟ್ಟ, ನಾಲ್ಕು ಸಾವಿರ ಅಡಿಗೂ ಮಿಕ್ಕ ಎತ್ತರ. ಘಟ್ಟದ ಈಚೆ ದಟ್ಟ ಕಾಡು, ಮರದ ಮೈಯೆಲ್ಲ ಪಾಚಿ. ಆಚೆ ಇಳಿದರೆ ಮರಗಳು ವಿರಳ, ಗಾಳಿ ಒಣ. ಕಡಲ ಮೋಡ ಪಶ್ಚಿಮದ ಮಗ್ಗುಲಲ್ಲೇ ಮಳೆ ಸುರಿದು ಬರಿಗೈಯಲ್ಲಿ ಆಚೆ ಹೋಗುತ್ತದೆ. ನಮ್ಮ ಸಹ್ಯಾದ್ರಿಯ ಲೆಕ್ಕವೇ.

ಊರು ಬಂದಾಗ ಬೆರಗಾದೆ. ಕೆತ್ತನೆಯ ಮರದ ಜಗಲಿಗಳು, ಇಳಿಜಾರು ಸೂರು, ಗೋಡೆಯ ಮೇಲೆ ಚಿತ್ರಗಳು, ಕಿಟಕಿ ಕಿಟಕಿಗೂ ಹೂವಿನ ತೊಟ್ಟಿ. ಪೆಟ್ರೋಲ್ ಬಂಕಿನ ಬೋರ್ಡೂ ಹಳೆಯ ಜರ್ಮನ್ ಅಕ್ಷರದ ಮಾದರಿಯಲ್ಲಿ. ಎಲ್ಲ ಅಂಗಡಿಗೂ ಇದೇ ವೇಷವೆಂದು ಪುರಸಭೆಯ ನಿಯಮವಂತೆ.

“ಅಜ್ಜ, ಇಲ್ಲಿರೋರೆಲ್ಲ ಜರ್ಮನಿಯವರಾ?” ಎಂದಳು ಒಂಬತ್ತು ವರ್ಷದ ಮೊಮ್ಮಗಳು.

“ಅಲ್ಲ ಪುಟ್ಟಿ, ಬವೇರಿಯದ ವೇಷ ಹಾಕಿದಾರೆ ಅಷ್ಟೆ,” ಎಂದ ಮಗ.

“ಹಾಗಾದರೆ ಸುಳ್ಳು ಊರು,” ಎಂದೆ, ಕೊಂಚ ಗತ್ತಿನಿಂದಲೇ. ಪ್ರತಿ ನವೆಂಬರ್‌ನಲ್ಲಿ ಸಂಘದ ವೇದಿಕೆಯ ಮೇಲೆ ಥರ್ಮೋಕೋಲಿನ ಗೋಲಗುಂಬಜ ನಿಲ್ಲಿಸುವವನು ನಾನೇ ಎಂಬುದು ಆ ಕ್ಷಣ ನೆನಪಾಗಲಿಲ್ಲ.

ಊರಿನ ಕಥೆಯನ್ನು ಆಮೇಲೆ ನದಿಯ ದಂಡೆಯಲ್ಲಿ ಮೊಸರನ್ನ ತಿನ್ನುತ್ತ ಮಗ ಹೇಳಿದ. 1893ರಲ್ಲಿ ಗ್ರೇಟ್ ನಾರ್ದರ್ನ್ ರೈಲು ಬಂತು, ಮರ ಕೊಯ್ಯುವ ಕಾರ್ಖಾನೆ ಬಂತು, ಊರು ಬೆಳೆಯಿತು. 1920ರ ದಶಕದಲ್ಲಿ ರೈಲಿನವರು ತಮ್ಮ ಕೇಂದ್ರವನ್ನು ವೆನಾಚಿಗೆ ಒಯ್ದರು, ಹಳಿಯನ್ನೂ ಬೇರೆ ದಾರಿಗೆ ತಿರುಗಿಸಿದರು. ಕಾರ್ಖಾನೆಯೂ ಮುಚ್ಚಿತು. ಮೂರು ದಶಕಕ್ಕೂ ಹೆಚ್ಚು ಕಾಲ ಊರು ಸೊರಗಿತು. 1962ರಲ್ಲಿ ಜನ ಸೇರಿ ಸಮಿತಿ ಮಾಡಿಕೊಂಡರು. ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಜೊತೆಗೂಡಿದರು. ಹತ್ತಿರದಲ್ಲಿ ಹೋಟೆಲು ನಡೆಸುತ್ತಿದ್ದ ಟೆಡ್ ಪ್ರೈಸ್, ಬಾಬ್ ರಾಜರ್ಸ್ ಎಂಬಿಬ್ಬರು ಈ ವೇಷದ ಯೋಚನೆಯನ್ನು ಮುಂದಿಟ್ಟರು. ಸುತ್ತ ಹೇಗೂ ಆಲ್ಪ್ಸ್ ಪರ್ವತದಂಥ ಬೆಟ್ಟಗಳಿದ್ದವು. ಅಂಗಡಿಯವರು ಸಾಲ ಮಾಡಿ ತಮ್ಮ ಮುಂಗಟ್ಟು ತಾವೇ ಬದಲಿಸಿದರು.

1962 ಎಂದ ಕೂಡಲೇ ನನ್ನ ಕೈಯ ಚಮಚ ನಿಂತಿತು. ಶರಾವತಿಯ ದಂಡೆಯ ನಮ್ಮೂರಿನಲ್ಲಿ ಆಗ ಮನೆ, ತೋಟ, ಕೊಟ್ಟಿಗೆಗಳ ಅಳತೆ ನಡೆದಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ನನಗೆ ಹತ್ತು ವರ್ಷ. ಸಾಮಾನನ್ನೆಲ್ಲ ಲಾರಿಗೆ ತುಂಬಿದೆವು. ದನಗಳನ್ನು ಅಪ್ಪ ನಡೆಸಿಕೊಂಡು ಬಂದರು. ನೀರು ಇಳಿದ ಬೇಸಿಗೆಯಲ್ಲಿ ಮಡೆನೂರಿನ ಹಳೆಯ ಅಣೆಕಟ್ಟು ಈಗಲೂ ತಲೆಯೆತ್ತುತ್ತದೆ. ಮೈಲಿಗಟ್ಟಲೆ ನಡೆದು ನೋಡಿಬಂದವರಿದ್ದಾರೆ. ನಾನು ಹೋಗಿಲ್ಲ.

ಮಧ್ಯಾಹ್ನ ಸಾಲ್ಮನ್ ಮೀನು ಸಾಕುವ ಸರಕಾರಿ ಕೇಂದ್ರ ನೋಡಿದೆವು. ಗ್ರ್ಯಾಂಡ್ ಕೂಲಿ ಅಣೆಕಟ್ಟು ಕೊಲಂಬಿಯಾ ನದಿಗೆ ಅಡ್ಡ ನಿಂತಾಗ ಮೀನುಗಳು ಮೊಟ್ಟೆಯಿಡಲು ಮೇಲೇರುವ ದಾರಿ ಮುಚ್ಚಿತು. ಅದಕ್ಕೆ ಪರಿಹಾರವಾಗಿ 1940ರ ಸುಮಾರಿಗೆ ಇದನ್ನು ಕಟ್ಟಿದರು. “ನೋಡಿ, ಮೀನಿಗೂ ಪುನರ್ವಸತಿ!” ಎಂದಳು ನನ್ನಾಕೆ. ನಕ್ಕೆವು. ಆದರೆ ಆ ಹಿನ್ನೀರಿನಲ್ಲೇ ಕೆಟಲ್ ಫಾಲ್ಸ್ ಮುಳುಗಿತು. ಸಾವಿರಾರು ವರ್ಷಗಳಿಂದ ಮೂಲನಿವಾಸಿಗಳು ಕೂಡಿ ಮೀನು ಹಿಡಿಯುತ್ತಿದ್ದ ಅಬ್ಬಿ ಅದು.

ಕೊನೆಗೆ ಬಿಸಿಲು ತಾಳಲಾರದೆ ಪೇಟೆಬೀದಿಯ ಮಹಡಿಯೊಂದನ್ನು ಹತ್ತಿದೆವು. ಅದು ಅಕ್ರೋಟಿನಂಥ ಕಾಯಿ ಒಡೆಯುವ ಸಾಧನಗಳ ವಸ್ತುಸಂಗ್ರಹಾಲಯ, 1995ರಲ್ಲಿ ಆರಂಭವಾದದ್ದು. ಸಾವಿರಾರು ಇವೆ. ಮೀಸೆ ಹೊತ್ತ ಮರದ ಸಿಪಾಯಿಗಳು ಬಾಯಿ ತೆರೆದು ನಿಂತಿವೆ. ನಾನು ಬೆಂಚು ಹುಡುಕುತ್ತಿದ್ದೆ. ಆಗ ಗಾಜಿನ ಹಿಂದೆ ಕಂಡದ್ದು ಅಡಕತ್ತರಿ! ಭಾರತದ್ದು.

ಮೊಮ್ಮಗಳಿಗೆ ವಿವರಿಸಹೋದೆ. ಮಾತಿಗಿಂತ ಮೊದಲು ಕೈಯೇ ಆಡತೊಡಗಿತು. ಎಡಗೈ ಬೆರಳಲ್ಲಿ ಅಡಿಕೆ, ಬಲಗೈಯಲ್ಲಿ ಹಿಡಿ, ಒಂದು ಒತ್ತು. ಅಮ್ಮ ಊಟವಾದ ಮೇಲೆ ಜಗಲಿಯಲ್ಲಿ ಕೂತು ಮಾತಾಡುತ್ತಲೇ ಅಡಿಕೆ ಕತ್ತರಿಸುತ್ತಿದ್ದಳು. ಕೈಯ ಕಡೆ ನೋಡುತ್ತಲೇ ಇರಲಿಲ್ಲ.

“ನಿಮ್ಮದು ಎಲ್ಲಿದೆ ಅಜ್ಜ?”

“ಡೊಂಬಿವಲಿಯಲ್ಲಿ. ಅಟ್ಟದ ಮೇಲಿನ ಟ್ರಂಕಿನಲ್ಲಿ.”

“ಆ ಜಗಲಿ?”

“ನೀರೊಳಗೆ.”

ತಮಾಷೆ ಮಾಡುತ್ತಿದ್ದೇನೆಂದುಕೊಂಡು ಅವಳು ಅಪ್ಪನ ಮುಖ ನೋಡಿದಳು. “ಇಡೀ ಊರೇ?” ಎಂದಳು.

“ಇಡೀ ಊರು.”

“ಫೋಟೋ ಇದೆಯಾ?”

ಇಲ್ಲವೆಂದೆ. ಮಗ ನನ್ನನ್ನೇ ನೋಡುತ್ತಿದ್ದ. ನಲವತ್ತು ದಾಟಿದ ಅವನಿಗೂ ನಾನು ಇದನ್ನೆಲ್ಲ ನೆಟ್ಟಗೆ ಹೇಳಿರಲಿಲ್ಲ. ವಾಪಸು ಬರುವಾಗ ಘಟ್ಟದುದ್ದಕ್ಕೂ ಅವನೇ ಪ್ರಶ್ನೆ ಕೇಳುತ್ತ ಬಂದ. ಮನೆ ಯಾವ ದಿಕ್ಕಿಗಿತ್ತು, ತೋಟಕ್ಕೆ ನೀರು ಎಲ್ಲಿಂದ, ಪಕ್ಕದ ಮನೆಯವರು ಎಲ್ಲಿ ಹೋದರು. ಮೊದಲೆರಡಕ್ಕೆ ಉತ್ತರ ಗೊತ್ತಿತ್ತು.

ಸೆಪ್ಟೆಂಬರ್‌ನಲ್ಲಿ ಡೊಂಬಿವಲಿಗೆ ಮರಳಿ ಟ್ರಂಕು ಇಳಿಸಿದೆ. ಅಡಕತ್ತರಿಯ ಕೀಲು ತುಕ್ಕು ಹಿಡಿದಿತ್ತು. ಕೊಬ್ಬರಿ ಎಣ್ಣೆ ಬಿಟ್ಟು ಮೂರು ದಿನ ಇಟ್ಟೆ. ಭಾನುವಾರ ವಿಡಿಯೋ ಕರೆಯಲ್ಲಿ ಮೊಮ್ಮಗಳ ಮುಂದೆ ಅಡಿಕೆ ಹಿಡಿದು ಒತ್ತಿದರೆ ಅರ್ಧ ಹೋಳು ಚಂಗನೆ ಹಾರಿ ಕಪಾಟಿನ ಅಡಿಗೆ ಹೋಯಿತು. “ಇನ್ನೊಂದ್ಸಲ ಅಜ್ಜ!” ಎಂದಳು.