ಅಟ್ಟದ ಮೇಲಿನ ಕಾಯಿ

ಮಗಳು ಆಗ ಒಂಬತ್ತನೇ ತರಗತಿ. ಗಣಿತದ ಕಿರುಪರೀಕ್ಷೆಯಲ್ಲಿ 25ಕ್ಕೆ 11 ಅಂಕ ಬಂದಿತ್ತು. ಆ ಕಾಗದವನ್ನು ಹಾಸಿಗೆಯ ಕೆಳಗೆ ಬಚ್ಚಿಟ್ಟಿದ್ದಳು. ಸಿಕ್ಕಿದ ದಿನ ನಾನು ಅಕ್ಕಪಕ್ಕದ ಮನೆಯವರಿಗೆಲ್ಲ ಕೇಳುವಂತೆ ಕೂಗಾಡಿದೆ. “ಅಂಕ ಕಡಿಮೆ ಬಂದಿದ್ದಕ್ಕಲ್ಲ, ಮುಚ್ಚಿಟ್ಟಿದ್ದಕ್ಕೆ ಬೈತಿರೋದು” ಎಂದೆ. ಎರಡು ತಿಂಗಳು ಕಳೆಯುವಷ್ಟರಲ್ಲಿ ನನ್ನದೇ ಒಂದು ಉತ್ತರ ಪತ್ರಿಕೆ ಸ್ಕೂಟರಿನ ಡಿಕ್ಕಿಯಲ್ಲಿ, ಮಳೆಕೋಟಿನ ಅಡಿಯಲ್ಲಿ, ನಾಲ್ಕು ಮಡಿಕೆಯಾಗಿ ಕೂತಿತ್ತು. ಲೆಕ್ಕಶಾಸ್ತ್ರ, 40ಕ್ಕೆ 13. ನನಗೆ ಆಗ 44 ವರ್ಷ.

ಈ ವಯಸ್ಸಿನಲ್ಲಿ ಪರೀಕ್ಷೆ ಬರೆಯುವ ಪ್ರಸಂಗ ಯಾಕೆ ಬಂತು ಅಂತ ಹೇಳಬೇಕು. ಪೀಣ್ಯದ ಒಂದು ಕಾರ್ಖಾನೆಯಲ್ಲಿ 21 ವರ್ಷ ಯಂತ್ರ ದುರಸ್ತಿ ವಿಭಾಗದಲ್ಲಿದ್ದೆ. ಸದ್ದು ಕೇಳಿಯೇ ಯಾವ ಬೇರಿಂಗ್ ಸವೆದಿದೆ ಎಂದು ಹೇಳುತ್ತಿದ್ದೆ. ಆದರೆ ಯಾವ ಯಂತ್ರ ಕೊಳ್ಳಬೇಕು, ಯಾವುದನ್ನು ಗುಜರಿಗೆ ಹಾಕಬೇಕು ಎಂಬುದೆಲ್ಲ ಮೇಲಿನ ಮಹಡಿಯ ಒಂದು ಕೋಣೆಯಲ್ಲಿ ತೀರ್ಮಾನವಾಗುತ್ತಿತ್ತು. ಒಂದು ದಿನ ಆ ಕೋಣೆಯಿಂದ ಕಾಗದ ಬಂತು. ನಾನು ಮಕ್ಕಳ ಹಾಗೆ ಸಾಕಿದ್ದ ಯಂತ್ರಗಳಿದ್ದ ವಿಭಾಗವನ್ನೇ ಮುಚ್ಚುತ್ತಾರಂತೆ. ಕಾರಣವಾಗಿ ನಾಲ್ಕು ಸಾಲು ಅಂಕಿಗಳಿದ್ದವು. ನನಗೆ ಒಂದು ಸಾಲೂ ಅರ್ಥವಾಗಲಿಲ್ಲ. ಕೆಲಸವೇನೂ ಹೋಗಲಿಲ್ಲ, ಬೇರೆ ಕಡೆಗೆ ಹಾಕಿದರು. ಆದರೆ ಆ ನಾಲ್ಕು ಸಾಲು ಅಂಗಾಲಿನ ಮುಳ್ಳಿನ ಹಾಗೆ ಒಳಗೇ ಉಳಿಯಿತು.

ಕೆಲಸದಲ್ಲಿರುವವರಿಗಾಗಿಯೇ ಎಂಬಿಎ ಪಾಠ ನಡೆಸುವುದು ಹೊಸದೇನಲ್ಲ. ಅಮೆರಿಕದ ಶಿಕಾಗೋ ವಿಶ್ವವಿದ್ಯಾಲಯ 1943ರಲ್ಲೇ ಅಂಥ ಓದನ್ನು ಆರಂಭಿಸಿತ್ತು. ನಮ್ಮ ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಐಐಎಂನಲ್ಲೂ ವಾರದ ಕೊನೆಯಲ್ಲಿ ತರಗತಿ ನಡೆಯುತ್ತದೆ. 1973ರಲ್ಲಿ ಆರಂಭವಾದ ಸಂಸ್ಥೆ ಅದು. ಕಟ್ಟಡದ ನಕ್ಷೆ ಬಾಲಕೃಷ್ಣ ದೋಶಿಯವರದು. ಎಲ್ಲ ಕಡೆ ಒರಟು ಕಲ್ಲಿನ ಗೋಡೆ, ಉದ್ದುದ್ದ ಮೊಗಸಾಲೆ, ಮೇಲಿನಿಂದ ಇಳಿಬಿದ್ದ ಬಳ್ಳಿ. ಮೊದಲ ದಿನ ತರಗತಿ ಹುಡುಕಿಕೊಂಡು ಒಂದೇ ಕಂಬವನ್ನು ಮೂರು ಸಲ ಸುತ್ತಿದ್ದೆ.

ಪ್ರವೇಶ ಪರೀಕ್ಷೆ ಹೇಗೋ ದಾಟಿದ್ದೆ. ಶುಲ್ಕದ್ದೇ ದೊಡ್ಡ ಮಾತು. ಮಗಳ ಕಾಲೇಜಿಗೆಂದು ಇಟ್ಟಿದ್ದ ಠೇವಣಿ ಮುರಿದು, ಮಿಕ್ಕಿದ್ದಕ್ಕೆ ಬ್ಯಾಂಕಿನಲ್ಲಿ ಸಾಲ ಮಾಡಿದೆ. ಹೆಂಡತಿ ಶಾಲೆಯಲ್ಲಿ ಟೀಚರ್. “ಇನ್ನೆರಡು ವರ್ಷ ಮದುವೆ, ನಾಮಕರಣಕ್ಕೆಲ್ಲ ನಾನೊಬ್ಬಳೇ ಹೋಗ್ಬೇಕು ಅನ್ನಿ” ಎಂದು ಒಪ್ಪಿದಳು. ಅಪ್ಪ ಒಪ್ಪಲಿಲ್ಲ. ಅವರು ತಿಪಟೂರಿನ ಕೊಬ್ಬರಿ ಮಂಡಿಯೊಂದರಲ್ಲಿ 35 ವರ್ಷ ಗುಮಾಸ್ತರಾಗಿದ್ದವರು. ತಂಗಿಯರ ಮದುವೆಯ ಭಾರ ಹೆಗಲಿಗೆ ಬಿದ್ದು ಅವರ ಓದು ಎಸ್ಸೆಸ್ಸೆಲ್ಸಿಗೇ ನಿಂತಿತ್ತು. ನನ್ನ ಮುಖ ನೋಡದೆ, ಗೋಡೆಗೆ ಹೇಳುವ ಹಾಗೆ ಹೇಳಿದರು: “ನಲವತ್ನಾಲ್ಕಕ್ಕೆ ಬ್ಯಾಗ್ ನೇತುಹಾಕ್ಕೊಂಡು ಸ್ಕೂಲಿಗೆ ಹೋಗ್ತಾನಂತೆ. ಅದೂ ಮಗಳ ದುಡ್ಡಲ್ಲಿ.”

ಆ ಕೊನೆಯ ಮಾತಿಗೆ ನನ್ನಲ್ಲಿ ಉತ್ತರ ಇರಲಿಲ್ಲ.

ತರಗತಿಯಲ್ಲಿ ನನಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವರೇ ಹೆಚ್ಚು. ಅಲ್ಲಿ ಮೇಷ್ಟ್ರು ಬೋರ್ಡಿನ ಮೇಲೆ ಬರೆಸಿ ಪಾಠ ಮಾಡುವುದು ಕಡಿಮೆ. ಯಾವುದೋ ಕಂಪನಿಯ ಕಥೆಯನ್ನು ಮೊದಲೇ ಓದಲು ಕೊಡುತ್ತಾರೆ. ಮಾರನೆಯ ದಿನ ನಿಮ್ಮ ಕಡೆ ಕೈ ತೋರಿಸಿ, “ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?” ಎನ್ನುತ್ತಾರೆ. ನಾನು ತಲೆ ತಗ್ಗಿಸಿ ಪೆನ್ನಿನ ಮುಚ್ಚಳ ಹುಡುಕುವವನ ಹಾಗೆ ಕೂರುತ್ತಿದ್ದೆ. ಮಕ್ಕಳೇ, ಈ ಉಪಾಯ ನಿಮಗೂ ಗೊತ್ತಿರಬಹುದು. ಎರಡು ಸಲಕ್ಕಿಂತ ಹೆಚ್ಚು ನಡೆಯುವುದಿಲ್ಲ.

ಮಳೆ ಬಂದ ಒಂದು ಸಂಜೆ ಮಗಳು ಮಳೆಕೋಟು ತರಲು ಹೋದವಳು ಆ ಕಾಗದವನ್ನೂ ತಂದಳು. ಏನಾದರೂ ಅಂದಿದ್ದರೆ ಚೆನ್ನಾಗಿತ್ತು. ಅವಳು ಏನೂ ಅನ್ನಲಿಲ್ಲ. ಅದನ್ನು ಬಿಡಿಸಿ, ಮಡಿಕೆಗಳನ್ನು ಅಂಗೈಯಿಂದ ಸವರಿ, ಊಟದ ಮೇಜಿನ ಮೇಲೆ ತಾತನ ಮುಂದಿಟ್ಟು ಒಳಗೆ ಹೋದಳು. ಅಪ್ಪ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಬೈಗುಳಕ್ಕೆ ಕಾಯುತ್ತ ನಿಂತೆ.

“ಪ್ರಶ್ನೆ ಪತ್ರಿಕೆ ತಾ” ಎಂದರು.

ದೊಡ್ಡ ಪ್ರಶ್ನೆ ಇಷ್ಟೇ: ಒಂದು ಕಂಪನಿ ಲಾಭ ತೋರಿಸುತ್ತಿದೆ, ಆದರೂ ಸಂಬಳ ಕೊಡಲು ದುಡ್ಡಿಲ್ಲ. ಯಾಕೆ? ಮಾಲೀಕ ಮೋಸ ಮಾಡಿದ್ದಾನೆ ಅಂತ ನಾನು ಎರಡು ಪುಟ ಬರೆದಿದ್ದೆ. ಅಪ್ಪ ನಕ್ಕರು. ಈ ಓದಿನ ವಿಷಯಕ್ಕೆ ಅವರು ನಕ್ಕಿದ್ದು ಅದೇ ಮೊದಲು.

“ಲೇ, ನಮ್ಮೂರ ಅಟ್ಟ ಮರೆತ್ಯಾ? ಬಲಿತ ಕಾಯಿ ಅಟ್ಟಕ್ಕೆ ಹಾಕಿದ್ರೆ, ಒಳಗಿನ ನೀರು ಇಂಗಿ, ಅಲ್ಲಾಡಿಸಿದಾಗ ಗಿಟುಕು ಸದ್ದು ಮಾಡೋಕೆ ಎಂಟು ಹತ್ತು ತಿಂಗಳು ಬೇಕು. ಅಲ್ಲೀವರೆಗೆ ಅದು ಆಸ್ತಿ ಹೌದು, ದುಡ್ಡಲ್ಲ. ಕೂಲಿಯವನು ಶನಿವಾರ ಬಂದು ನಿಂತ್ರೆ ಅಟ್ಟ ತೋರಿಸ್ತೀಯಾ?”

ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆಯತೊಡಗಿದರು. ಹತ್ತು ಸಾವಿರ ಕಾಯಿ, ಕಾಯಿಗೆ 15 ರೂಪಾಯಿ ಅಂದುಕೋ. 1,50,000 ರೂಪಾಯಿ ಅಟ್ಟ ಹತ್ತಿತು. ಆ ದುಡ್ಡು ಸಾಲದ್ದಾದರೆ, ನೂರಕ್ಕೆ ತಿಂಗಳಿಗೆ ಎರಡು ರೂಪಾಯಿಯಂತೆ ತಿಂಗಳಿಗೆ 3,000 ಬಡ್ಡಿ. ಹತ್ತು ತಿಂಗಳಿಗೆ 30,000. ಕೊಬ್ಬರಿ ಮಾರಿ 1,80,000 ಬಂದರೂ ರೈತನಿಗೆ ಒಂದು ರೂಪಾಯಿ ಉಳಿಯಲಿಲ್ಲ. ಸುಲಿಯುವ ಕೂಲಿ, ಗೋಣಿಚೀಲ, ಲಾರಿ ಬಾಡಿಗೆ ಬೇರೆ. “ನಿಮ್ಮ ಮೇಷ್ಟ್ರು ಇದಕ್ಕೆ ಏನಂತಾರೋ?” ಎಂದು ಕೇಳಿದರು. ದುಡಿಯುವ ಬಂಡವಾಳ ಎಂದೆ. “ಇಲ್ಲಿ ದುಡೀತಾ ಇಲ್ವಲ್ಲ, ಮಲಗಿದೆ” ಎಂದರು.

ಆಮೇಲೆ ಪ್ರತಿ ಗುರುವಾರ ರಾತ್ರಿ ಊಟದ ಮೇಜು ನಮ್ಮ ಶಾಲೆಯಾಯಿತು. ಒಂದು ಕಡೆ ಮಗಳ ಬೀಜಗಣಿತ, ಇನ್ನೊಂದು ಕಡೆ ನನ್ನ ಆಸ್ತಿ–ಹೊಣೆ ಪಟ್ಟಿ, ನಡುವೆ ಅಪ್ಪ. ದಿನದ ವ್ಯವಹಾರವನ್ನು ನಡೆದ ಹಾಗೆ ಬರೆಯುವುದು ಕಿರ್ದಿ, ಅದನ್ನೇ ಆಸಾಮಿವಾರು ಎತ್ತಿ ಬರೆಯುವುದು ಖಾತೆ ಅಂತ ಶುರುಮಾಡಿದರು. ನಾನೂ ಒಂದು ವಿಷಯ ಹೇಳಿದೆ: ಇಟಲಿಯ ಲೂಕಾ ಪಾಚೋಲಿ ಎಂಬ ಸನ್ಯಾಸಿ 1494ರಲ್ಲಿ ವೆನಿಸ್ ನಗರದಲ್ಲಿ ಅಚ್ಚಾದ ತನ್ನ ಗಣಿತದ ಪುಸ್ತಕದಲ್ಲಿ ಇದೇ ಜಮಾ–ಖರ್ಚಿನ ಪದ್ಧತಿಯನ್ನು ವಿವರಿಸಿದ್ದಾನೆ. “ಸನ್ಯಾಸಿಗೆ ಯಾಕಪ್ಪ ಲೆಕ್ಕ? ಯಾವುದೋ ಮಂಡೀಲಿ ಕೂತೆದ್ದು ಬಂದಿರಬೇಕು” ಎಂದರು ಅಪ್ಪ.

ಮರುಪರೀಕ್ಷೆಯಲ್ಲಿ 40ಕ್ಕೆ 27 ಬಂತು. ಆ ಕಾಗದವನ್ನು ಮಗಳೇ ತಾತನ ಮುಂದೆ ಹಿಡಿದು, “ಪೋಷಕರ ಸಹಿ” ಎಂದಳು. ಅಪ್ಪ ನಿಜವಾಗಿಯೂ ಸಹಿ ಹಾಕಿದರು, ತಾರೀಖಿನ ಸಮೇತ.

ಓದು ಮುಗಿಯುವ ಹೊತ್ತಿಗೆ ಕಾರ್ಖಾನೆಯ ಆ ಹಳೆಯ ಕಾಗದವನ್ನು ಮತ್ತೆ ತೆಗೆದು ಓದಿದೆ. ನಾಲ್ಕೂ ಸಾಲು ಅರ್ಥವಾದವು. ಲೆಕ್ಕ ಸರಿಯಾಗಿಯೇ ಇತ್ತು. ತಪ್ಪಿರಲಿ ಎಂದು ಎಷ್ಟು ಆಸೆಪಟ್ಟಿದ್ದೆನೋ! ಮೇಲಿನ ಮಹಡಿಗೆ ಬರುವಂತೆ ನನ್ನನ್ನೂ ಕರೆದರು. ನಾನು ಹೋಗಲಿಲ್ಲ. ತಿಪಟೂರಿನ ಹತ್ತಿರ ತೆಂಗು ಬೆಳೆಗಾರರು ಸೇರಿ ಕಟ್ಟಿಕೊಂಡ ಒಂದು ಸಣ್ಣ ಉತ್ಪಾದಕರ ಕಂಪನಿಗೆ ವ್ಯವಸ್ಥಾಪಕ ಬೇಕಿತ್ತು. ಹೀಗೆ ರೈತರೇ ಷೇರುದಾರರಾಗಿ ಕಂಪನಿ ಮಾಡಿಕೊಳ್ಳಲು 2002ರ ಕಾನೂನು ತಿದ್ದುಪಡಿ ದಾರಿ ಮಾಡಿಕೊಟ್ಟಿದೆ. ಅಲ್ಲಿ ಸಂಬಳ ಅರ್ಧ. ಸೋಮವಾರ ರೈಲು ಹತ್ತಿದರೆ ಮನೆಗೆ ಬರುವುದು ಶುಕ್ರವಾರ. ಮುರಿದ ಠೇವಣಿ ಇನ್ನೂ ಪೂರ್ತಿ ಕೂಡಿಲ್ಲ. ಮಗಳು ಪಿಯುಸಿಗೆ ಸೇರುವಾಗ ಕಾಲೇಜಿನ ಶುಲ್ಕದ ಪಟ್ಟಿಯನ್ನು ನನಗಿಂತ ಮೊದಲು ಅವಳೇ ಓದಿ, ಕಡಿಮೆ ಶುಲ್ಕದ್ದಕ್ಕೆ ಗುರುತು ಹಾಕಿ ಇಟ್ಟಿದ್ದಳು. ಆ ಗುರುತು ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮೊದಲ ವರ್ಷ ಕಂಪನಿಗೆ ನಷ್ಟ. ಲೆಕ್ಕ ಪರಿಶೋಧಕರಿಗೆ ಕೊಡುವ ಮುಂಚೆ ಹಾಳೆಗಳನ್ನು ಮನೆಗೆ ತಂದು ಅಪ್ಪನ ಮುಂದಿಟ್ಟೆ. ಈಗ ಅವರಿಗೆ 78. ಅಂಕಿಗಳ ಮೇಲೆ ಬೆರಳಿಟ್ಟು, ತುಟಿ ಅಲ್ಲಾಡಿಸುತ್ತ, ಎರಡು ಸಲ ಕೂಡಿದರು.

“ಸಹಿ ಹಾಕ್ತೀರಾ?” ಎಂದು ತಮಾಷೆಗೆ ಕೇಳಿದೆ.

“ಸುಲಿಯೋ ಕೂಲಿ ಎರಡು ಸಲ ಬಿದ್ದಿದೆ ನೋಡು, ಇಲ್ಲೊಂದು, ಅಲ್ಲೊಂದು. ಮೊದಲು ತಿದ್ದಿ ತಾ” ಎಂದು ಹಾಳೆಯನ್ನು ನನ್ನ ಕಡೆಗೆ ತಳ್ಳಿದರು.