ಗಾಜಿನೊಳಗೊಂದು ಕೆರೆ

ಎರೆಯ ನಾಡಿನಲ್ಲಿ ಬೆಳೆದವರಿಗೆ ನೀರಿನ ರುಚಿಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ನವಲಗುಂದ, ಅಣ್ಣಿಗೇರಿಗಳ ಸುತ್ತಲಿನ ಹಳ್ಳಿಗಳಲ್ಲಿ ಬಾವಿ ತೋಡಿದರೆ ಬಹುಮಟ್ಟಿಗೆ ದೊರೆಯುವುದು ಸವಳು ನೀರು. ಅದರಲ್ಲಿ ಬೇಳೆ ಬೇಯದು, ಸಾಬೂನು ನೊರೆಯಾಗದು. ಆದುದರಿಂದ ಇಲ್ಲಿ ಕೆರೆಗೆ ಗುಡಿಯಷ್ಟೇ ಮರ್ಯಾದೆ. ಮೊದಲು ಮಳೆಯ ನೀರು, 1970ರ ದಶಕದಿಂದೀಚೆಗೆ ಮಲಪ್ರಭೆಯ ಕಾಲುವೆಯ ನೀರೂ ಈ ಕೆರೆಗಳಿಗೆ ಬಂದಿತು. ಆ ಕಾಲುವೆಯ ಕರದ ವಿಷಯವಾಗಿ 1980ರಲ್ಲಿ ನವಲಗುಂದ ನರಗುಂದಗಳ ರೈತರು ಎದ್ದು ನಿಂತುದನ್ನೂ, ಗುಂಡಿನ ಸದ್ದಾದುದನ್ನೂ ಹಿರಿಯರು ಇನ್ನೂ ಮರೆತಿಲ್ಲ. ಇಂಥ ಸೀಮೆಯಲ್ಲಿ ಒಬ್ಬನು ಗಾಜಿನ ಪೆಟ್ಟಿಗೆಗೆ ನೀರು ತುಂಬಿ, ಅದರಲ್ಲಿ ಗಿಡ ನೆಟ್ಟು ಮೀನು ಬಿಡುತ್ತೇನೆಂದರೆ ನೆರೆಹೊರೆಯವರು ನಗುವುದು ಸಹಜವೇ.

ಹವ್ಯಾಸವೇನೋ ಹಳೆಯದು. 1850ರಲ್ಲಿ ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಎಂಬಾತನು ಚಿನ್ನದ ಮೀನು, ವ್ಯಾಲಿಸ್ನೇರಿಯಾ ಎಂಬ ನೀರುಗಿಡ ಮತ್ತು ಬಸವನಹುಳು—ಈ ಮೂರನ್ನು ಒಂದೇ ಪಾತ್ರೆಯಲ್ಲಿ ಕೂಡಿಸಿದ ಪ್ರಯೋಗವನ್ನು ವಿದ್ವಾಂಸರ ಮುಂದಿಟ್ಟನು. ಮೀನಿನ ಉಸಿರನ್ನು ಗಿಡ ಹೀರಿ ಪ್ರಾಣವಾಯುವನ್ನು ಹಿಂದಕ್ಕೆ ಕೊಡುತ್ತದೆ. ಕೊಳೆತ ಎಲೆಯನ್ನು ಹುಳು ಮೇಯುತ್ತದೆ. ನೂರೆಪ್ಪತ್ತು ವರ್ಷ ಕಳೆದರೂ ಮೂಲ ಸೂತ್ರ ಅಷ್ಟೇ.

ನನ್ನ ಪೆಟ್ಟಿಗೆ ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರ. ಲೆಕ್ಕದ ಪ್ರಕಾರ ಸುಮಾರು 56 ಲೀಟರ್. ಮಣ್ಣು, ಮರಳು ಹಾಕಿ ಮೇಲೆ ನಾಲ್ಕು ಬೆರಳು ಬಿಟ್ಟರೆ 40ಕ್ಕಿಂತ ಕಡಿಮೆಯೇ ಹಿಡಿಯುತ್ತದೆ. ಅಷ್ಟು ಭಾರವನ್ನು ಹೊರುವ ಮೇಜು ಗಟ್ಟಿಯಾಗಿರಬೇಕು, ಮಟ್ಟಸವಾಗಿರಬೇಕು. ಗಾಜಿನ ಕೆಳಗೆ ಥರ್ಮೋಕೋಲಿನ ಹಲಗೆ ಹಾಸಿದರೆ ಮೇಜಿನ ಉಬ್ಬುತಗ್ಗುಗಳು ಗಾಜನ್ನು ಒಡೆಯವು. ಕಿಟಕಿಯ ಬಿಸಿಲು ಬೇಡ. ಗಿಡಕ್ಕಿಂತ ಮೊದಲು ಪಾಚಿ ಬೆಳೆದೀತು.

ಮಣ್ಣಿನ ವಿಷಯದಲ್ಲಿ ಮಾತ್ರ ನಮ್ಮ ಊರಿನ ಅಭಿಮಾನವನ್ನು ಬದಿಗಿಡಬೇಕಾಯಿತು. ಹತ್ತಿ, ಜೋಳ, ಕಡಲೆಗೆ ಎರೆಮಣ್ಣಿನಷ್ಟು ಉದಾರಿ ಬೇರೊಂದಿಲ್ಲ. ನೀರು ತಾಕಿದರೆ ಉಬ್ಬುವ, ಒಣಗಿದರೆ ಕೈ ಹೋಗುವಷ್ಟು ಬಿರಿಯುವ ಈ ಮಣ್ಣು ಗಾಜಿನೊಳಗೆ ಹೋದರೆ ರಾಡಿಯಾಗಿ ತಿಂಗಳುಗಟ್ಟಲೆ ತಿಳಿಯಾಗುವುದಿಲ್ಲ. ಸಾಲದುದಕ್ಕೆ ಅದರಲ್ಲಿ ಸುಣ್ಣದ ಹರಳುಗಳು ಬೇರೆ. ಅವು ಕರಗಿದಷ್ಟೂ ನೀರು ಗಡಸಾಗುತ್ತದೆ. ಕಲಘಟಗಿಯ ಕಡೆಯಿಂದ ಕೆಂಪು ಮಣ್ಣನ್ನು ತರಿಸಿ ಎರಡು ಬೆರಳು ಹರಡಿ, ಮೇಲೆ ತೊಳೆದ ಮರಳನ್ನು ಮುಚ್ಚಿದೆ. ಮರಳಿಗೆ ನಿಂಬೆಯ ರಸ ಹಿಂಡಿ ನೋಡುವುದು ಸುಲಭದ ಪರೀಕ್ಷೆ. ಗುಳ್ಳೆ ಎದ್ದರೆ ಸುಣ್ಣವಿದೆಯೆಂದು ತಿಳಿಯಬೇಕು. ಗಿಡಗಳೂ ಆ ಸೀಮೆಯ ಕೆರೆಯವೇ: ವ್ಯಾಲಿಸ್ನೇರಿಯಾ ಮತ್ತು ಹೈಡ್ರಿಲ್ಲಾ.

ಇನ್ನು ನೀರು. ಕೊಳವೆಬಾವಿಯದು ಉಪ್ಪು, ನಳದ್ದನ್ನು ಬ್ಲೀಚಿಂಗ್ ಪುಡಿಯ ವಾಸನೆ ಹೋಗುವವರೆಗೆ ಒಂದು ದಿನ ತೆರೆದಿಡಬೇಕು. ಮಾಳಿಗೆಯಿಂದ ಇಳಿದ ಮಳೆನೀರು ನಾಲ್ಕು ಪಾಲು, ಲವಣದ ಅಂಶಕ್ಕಾಗಿ ಕೆರೆಯ ನೀರು ಒಂದು ಪಾಲು—ಹೀಗೆ ಬೆರೆಸಿದೆ.

ತುಂಬಿಸಿದ ದಿನ ಅವ್ವ ಬಾಗಿಲಲ್ಲಿ ನಿಂತು ನೋಡಿದಳು. "ಕುಡಿಯೂ ನೀರ ತಂದು ಮೀನಿಗೆ ಮನಿ ಕಟ್ಟೀಯಲ್ಲೋ ತಮ್ಮಾ" ಎಂದಳು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಆದ್ದರಿಂದಲೇ ಉತ್ತರ ಕೊಡುವುದು ಕಷ್ಟವಾಯಿತು. ಕೋಳಿ ಕೂಗುವ ಮುಂಚೆ ಎದ್ದು, ತಲೆಯ ಮೇಲೊಂದು ಬಗಲಲ್ಲೊಂದು ಕೊಡ ಹೊತ್ತು ಬದುಕಿದವಳು ಅವಳು.

ವಾರ ಕಳೆದ ಮೇಲೆ ಅವಳೇ ಗಾಜಿನ ಬಳಿ ಬಂದು, ಒಳಗೆ ಜಿಗಿಜಿಗಿದು ಓಡಾಡುವ ಬಿಳಿಯ ಚುಕ್ಕೆಗಳನ್ನು ತೋರಿಸಿ ಇವೇನೆಂದು ಕೇಳಿದಳು. ಕೆರೆಯ ನೀರಿನೊಡನೆ ಬಂದ ಸೈಕ್ಲಾಪ್ಸ್ ಎಂಬ ಸೂಕ್ಷ್ಮಜೀವಿಗಳವು. ನಾರುಹುಣ್ಣಿನ ಮರಿಹುಳು ಮನುಷ್ಯನ ಹೊಟ್ಟೆಯನ್ನು ಸೇರುತ್ತಿದ್ದುದು ಇವುಗಳ ಮೂಲಕವೇ ಎಂದೆ. ಅವಳು ಬಹಳ ಹೊತ್ತು ಮಾತಾಡಲಿಲ್ಲ. ನನ್ನ ಸೋದರಮಾವನ ಮೀನಖಂಡದಿಂದ ಆ ನಾರನ್ನು ಕಡ್ಡಿಗೆ ಸುತ್ತಿ, ದಿನಕ್ಕೆ ಎರಡು ಬೆರಳಿನಷ್ಟು ಎಳೆದುದನ್ನು ಅವಳು ಕಣ್ಣಾರೆ ಕಂಡಿದ್ದಳು. "ಇದನ್ನ ಹೌದಲ್ಲೋ ನಾವು ನಾಕು ಮಡಿ ಅರಿವೀಲೆ ಸೋಸತಿದ್ದದ್ದು?" ಎಂದಳು. ಇದನ್ನೇ. ಕೊಡದ ಬಾಯಿಗೆ ಕಟ್ಟಿದ ಆ ಬಟ್ಟೆಯೂ ದೊಡ್ಡ ವೈದ್ಯವೇ ಆಗಿತ್ತು. ಭಾರತದಲ್ಲಿ ಕೊನೆಯ ರೋಗಿ ಕಂಡುಬಂದುದು 1996ರಲ್ಲಿ. 2000ದಲ್ಲಿ ದೇಶವು ಈ ರೋಗದಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಮುಂದೆ ಬಿಟ್ಟ ಗಪ್ಪಿ ಮೀನುಗಳು ಆ ಚುಕ್ಕೆಗಳನ್ನು ಎರಡೇ ದಿನದಲ್ಲಿ ಮುಗಿಸಿದಾಗ ಅವ್ವನಿಗೆ ಆದ ಸಮಾಧಾನವನ್ನು ನಾನು ಬಣ್ಣಿಸಲಾರೆ.

ಆದರೆ ಸೋಸುವುದೆಂದರೆ ಕಸವನ್ನು ತಡೆಯುವುದಷ್ಟೇ ಎಂದುಕೊಂಡರೆ ಮೀನು ಬದುಕದು. 1829ರಲ್ಲಿ ಜೇಮ್ಸ್ ಸಿಂಪ್ಸನ್ ಎಂಬ ಎಂಜಿನಿಯರನು ಥೇಮ್ಸ್ ನದಿಯ ನೀರಿಗಾಗಿ ಮರಳಿನ ಸೋಸುಗುಂಡಿಯನ್ನು ಕಟ್ಟಿದಾಗ, ಮರಳಿನ ಮೇಲೆ ಕಟ್ಟುವ ಲೋಳೆಯೇ ಅರ್ಧ ಕೆಲಸ ಮಾಡುತ್ತದೆಂದು ಯಾರಿಗೂ ತಿಳಿದಿರಲಿಲ್ಲ. ಆ ಲೋಳೆ ಬ್ಯಾಕ್ಟೀರಿಯಾಗಳ ಮನೆ. ನನ್ನ ಪೆಟ್ಟಿಗೆಯಲ್ಲಿ ಅವುಗಳ ಮನೆಯೆಂದರೆ ಮುಷ್ಟಿಗಾತ್ರದ ಒಂದು ಸ್ಪಂಜು. ಪುಟ್ಟ ಗಾಳಿಯಂತ್ರವೊಂದು ಅದರ ಮೂಲಕ ನೀರನ್ನು ಎಳೆಯುತ್ತಿರುತ್ತದೆ. ಮೀನಿನ ಮಲದಿಂದಲೂ ಉಳಿದ ತಿನಿಸಿನಿಂದಲೂ ಹುಟ್ಟುವ ಅಮೋನಿಯಾ ವಿಷ. ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್, ಬಳಿಕ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ನೈಟ್ರೈಟೂ ವಿಷವೇ, ನೈಟ್ರೇಟು ಸೌಮ್ಯ; ಅದನ್ನು ಗಿಡ ಗೊಬ್ಬರವಾಗಿ ಉಣ್ಣುತ್ತದೆ. ಈ ಸಂಸಾರ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಅಂಗಡಿಯಿಂದ ಪೆಟ್ಟಿಗೆಯನ್ನೂ ಮೀನನ್ನೂ ಒಂದೇ ದಿನ ತರುವ ಅವಸರದವರ ಮೀನು ಸಾಯುವುದು ಇದರಿಂದ, ಅಂಗಡಿಕಾರನೇಕೆ ಹೇಳುತ್ತಾನೆ? ಸ್ಪಂಜನ್ನು ತೊಳೆಯುವಾಗಲೂ ಪೆಟ್ಟಿಗೆಯಿಂದ ತೆಗೆದ ನೀರಿನಲ್ಲೇ ಹಿಂಡಬೇಕು. ಬ್ಲೀಚಿಂಗ್ ಪುಡಿ ಬೆರೆತ ನೀರು ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ.

ಗಾಳಿಯಂತ್ರವನ್ನು ನೀರಿನ ಮಟ್ಟಕ್ಕಿಂತ ಮೇಲೆ ಇಟ್ಟಿದ್ದೇನೆ. ಕೆಳಗಿದ್ದರೆ ವಿದ್ಯುತ್ತು ಹೋದಾಗ ನೀರು ನಳಿಗೆಯಲ್ಲಿ ಹಿಂದಕ್ಕೆ ಇಳಿದು ಯಂತ್ರವನ್ನು ಸೇರುತ್ತದೆ. ಹಳ್ಳಿಯಲ್ಲಿ ವಿದ್ಯುತ್ತು ಹೋಗದ ದಿನವುಂಟೆ! ಗಿಡ ದಟ್ಟವಾಗಿ, ಮೀನು ವಿರಳವಾಗಿದ್ದರೆ ಕೆಲವು ತಾಸು ತಡೆದುಕೊಳ್ಳುತ್ತವೆ.

ವಾರಕ್ಕೊಮ್ಮೆ ತೆಗೆಯುವ ಎಂಟು ಲೀಟರ್ ನೀರು ಹಿತ್ತಲಿನ ಕರಿಬೇವಿಗೆ, ಮೆಣಸಿನ ಗಿಡಕ್ಕೆ. ಬೇಸಿಗೆಯಲ್ಲಿ ಆವಿಯಾಗುವುದು ನೀರು ಮಾತ್ರ, ಲವಣ ಒಳಗೇ ಉಳಿಯುತ್ತದೆ. ಕೊರತೆಯನ್ನು ಮಳೆನೀರಿನಿಂದಲೇ ತುಂಬಬೇಕು. ಶ್ರಾವಣದಲ್ಲಿ ಹಿಡಿದ ನೀರು ಮುಚ್ಚಿದ ಪೀಪಾಯಿಯಲ್ಲಿದೆ. ಏಪ್ರಿಲ್ ಮುಗಿಯುವವರೆಗೆ ಸಾಕಾದೀತು. ಮೇ ತಿಂಗಳ ಮಾತನ್ನು ಅವ್ವನೊಡನೆ ಆಡಬೇಕಾಗಿದೆ.